ಬೆಕ್ಕಿನ ಮರಿಗೆ ಮೊದಲು ಒಂದು ಕೋಣೆ ಕೊಡಿ, ಮನೆ ಆಮೇಲೆ

ಬೆಕ್ಕಿನ ಮರಿ ಮನೆಗೆ ಬಂದ ದಿನ ಏನಾಗುತ್ತದೆ ಅಂತ ಸಾಕಿದವರಿಗೆಲ್ಲ ಗೊತ್ತು. ರಟ್ಟಿನ ಡಬ್ಬದ ಬಾಯಿ ತೆಗೆದದ್ದೇ ತಡ, ಮರಿ ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು ಗೋಡೆ ಬದಿಯಲ್ಲೇ ಓಡಿ ಫ್ರಿಜ್ ಹಿಂದೆ ಸೇರಿಕೊಳ್ಳುತ್ತದೆ. ಮನೆಮಂದಿಯೆಲ್ಲ ಬಗ್ಗಿ, ಮೊಬೈಲ್ ಟಾರ್ಚ್ ಹಾಕಿ, "ಬಾ ಬಾ" ಅಂತ ಕರೆಯುತ್ತಾರೆ. ಮಕ್ಕಳು ಪೊರಕೆ ಕಡ್ಡಿ ತಂದು ಆಡಿಸುತ್ತಾರೆ. ಯಾರೋ ಹಾಲಿನ ತಟ್ಟೆ ಮುಂದಕ್ಕೆ ತಳ್ಳುತ್ತಾರೆ. ಮರಿ ಇನ್ನಷ್ಟು ಒಳಗೆ ಹೋಗುತ್ತದೆ. ರಾತ್ರಿಯಿಡೀ ಅಳುತ್ತದೆ. ಎರಡನೇ ದಿನಕ್ಕೆ "ಯಾಕೋ ಇದು ನಮ್ಮ ಮನೆಗೆ ಹೊಂದಿಕೊಳ್ಳಲ್ಲ" ಎಂಬ ಮಾತು ಶುರುವಾಗುತ್ತದೆ.

ಆ ಮರಿಗೆ ಪ್ರೀತಿ ಬೇಕಾದಷ್ಟು ಸಿಕ್ಕಿದೆ. ಜಾಗ ಜಾಸ್ತಿ ಆಗಿದೆ, ಅಷ್ಟೇ. ಮೊದಲ ಕೆಲವು ದಿನ ಅದನ್ನು ಒಂದೇ ಕೋಣೆಯಲ್ಲಿಟ್ಟು, ಆಮೇಲೆ ಅದು ತಾನಾಗಿಯೇ ಮನೆಯನ್ನು ಸ್ವಲ್ಪ ಸ್ವಲ್ಪವಾಗಿ ತನ್ನದು ಮಾಡಿಕೊಳ್ಳಲು ಬಿಟ್ಟರೆ ಅರ್ಧ ಕಷ್ಟ ತಪ್ಪುತ್ತದೆ. ಇದು ಸುಮ್ನೆ ಹೇಳುವ ಉಪಾಯ ಅಲ್ಲ. ಬೆಕ್ಕು ಎಂಥ ಪ್ರಾಣಿ ಅಂತ ತಿಳಿದುಕೊಂಡರೆ ಇದರ ಕಾರಣ ತಾನಾಗಿ ಹೊಳೆಯುತ್ತದೆ.

ಮರಿಗೆ ಯಾಕೆ ಅಷ್ಟು ಭಯ

ನಾವು ಸಾಕುವ ಬೆಕ್ಕುಗಳೆಲ್ಲ ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕಿನ ವಂಶದವು. 2007ರಲ್ಲಿ ಪ್ರಕಟವಾದ ಒಂದು ದೊಡ್ಡ ಜೀನ್ ಅಧ್ಯಯನ ಇದನ್ನು ತೋರಿಸಿಕೊಟ್ಟಿತು. ಆ ಕಾಡುಬೆಕ್ಕು ಒಂಟಿಯಾಗಿ ಬದುಕುತ್ತದೆ, ಒಂಟಿಯಾಗಿಯೇ ಬೇಟೆಯಾಡುತ್ತದೆ. ನಾಯಿಯ ಪೂರ್ವಜ ತೋಳ ಹಾಗಲ್ಲ. ಅದು ಎಲ್ಲಿಗೆ ಹೋದರೂ ಜೊತೆಗೆ ತನ್ನವರಿರುತ್ತಾರೆ, ಅದರ ಧೈರ್ಯ ಗುಂಪಿನಿಂದ ಬರುತ್ತದೆ. ಬೆಕ್ಕಿಗೆ ಧೈರ್ಯ ಕೊಡುವುದು ಗೊತ್ತಿರುವ ಜಾಗ. ಎಲ್ಲಿ ಅಡಗಬಹುದು, ನಾಯಿ ಯಾವ ಕಡೆಯಿಂದ ಬರಬಹುದು, ಇಲಿ ಎಲ್ಲಿ ಸಿಗುತ್ತದೆ, ಇಷ್ಟು ಗೊತ್ತಿದ್ದರೆ ಅದು ಆರಾಮಾಗಿರುತ್ತದೆ. ನಾಯಿ ಯಜಮಾನನನ್ನು ನಂಬುತ್ತದೆ, ಬೆಕ್ಕು ಮನೆಯನ್ನು ನಂಬುತ್ತದೆ ಅಂತ ಹಿರಿಯರು ಹೇಳುತ್ತಾರಲ್ವಾ, ಆ ಮಾತಿನಲ್ಲಿ ತುಂಬ ನಿಜವಿದೆ.

ಬೆಕ್ಕು ಜಾಗವನ್ನು ಗುರುತಿಟ್ಟುಕೊಳ್ಳುವುದು ಹೆಚ್ಚಾಗಿ ಮೂಗಿನಿಂದ. ಅದರ ಕೆನ್ನೆ, ಗಲ್ಲ, ಹಣೆ, ಬಾಲದ ಬುಡ, ಅಂಗಾಲಿನ ಮೆತ್ತೆಗಳ ನಡುವೆ ವಾಸನೆ ಗ್ರಂಥಿಗಳಿವೆ. ಬೆಕ್ಕು ಬಾಗಿಲ ಚೌಕಟ್ಟಿಗೆ ಕೆನ್ನೆ ಉಜ್ಜುವುದು, ನಮ್ಮ ಕಾಲಿಗೆ ತಲೆ ತಿಕ್ಕುವುದು, ಚಾಪೆಯನ್ನು ಪರಪರ ಪರಚುವುದು, ಎಲ್ಲವೂ ತನ್ನ ವಾಸನೆ ಬಿಟ್ಟುಹೋಗುವ ಕೆಲಸ. ನಮ್ಮ ಮೂಗಿಗೆ ಅದು ಏನೂ ಅಲ್ಲ. ಅದಕ್ಕೆ ಮಾತ್ರ ಅಲ್ಲಿ "ಇದು ನನ್ನ ಜಾಗ, ಇಲ್ಲಿ ಹೆದರಬೇಕಾಗಿಲ್ಲ" ಅಂತ ಬರೆದಿಟ್ಟ ಹಾಗೆ.

ಈಗ ಮರಿಯ ಕಡೆಯಿಂದ ಯೋಚಿಸಿ. ತಾಯಿಯ ವಾಸನೆ, ಅಣ್ಣತಮ್ಮಂದಿರ ವಾಸನೆ, ಮಲಗುತ್ತಿದ್ದ ಗೋಣಿಚೀಲದ ವಾಸನೆ ಒಂದೇ ಏಟಿಗೆ ಹೋಗಿದೆ. ಮೂರು ಬೆಡ್‌ರೂಮಿನ ಮನೆಯ ಮಧ್ಯೆ ತಂದು ಬಿಟ್ಟರೆ ಅದರ ಮುಂದೆ ಗುರುತೇ ಇಲ್ಲದ ದೊಡ್ಡ ಬಯಲು. ಜೊತೆಗೆ ಸದ್ದು ಬೇರೆ. ನಮ್ಮ ಕಿವಿ ಸುಮಾರು 20,000 ಹರ್ಟ್ಸ್‌ಗೆ ನಿಲ್ಲುತ್ತದೆ. ಬೆಕ್ಕಿಗೆ 60,000 ಹರ್ಟ್ಸ್‌ ದಾಟಿದ ಸದ್ದೂ ಕೇಳಿಸುತ್ತದೆ. ಕುಕ್ಕರ್ ವಿಷಲ್, ಮಿಕ್ಸಿ, ಮೇಲಿನ ಮನೆಯವರು ಕುರ್ಚಿ ಎಳೆಯುವುದು, ಇವೆಲ್ಲ ಅದಕ್ಕೆ ಎಲ್ಲಿಂದ ಬಂತು ಅಂತಲೇ ಗೊತ್ತಾಗದ ಸದ್ದುಗಳು. ಇಂಥ ಹೊತ್ತಿನಲ್ಲಿ ಒಂಟಿ ಪ್ರಾಣಿ ಮಾಡುವುದು ಒಂದೇ ಕೆಲಸ, ಬಿಲ ಹುಡುಕುವುದು.

ಬೆಕ್ಕು ಮರಿ ಹಾಕಿದ ಮೇಲೆ ಏಳು ಮನೆ ಸುತ್ತಿಸುತ್ತದೆ ಅಂತ ನಮ್ಮಲ್ಲಿ ಮಾತಿದೆ. ಏಳೇ ಅಂತ ಲೆಕ್ಕ ಇಲ್ಲ, ಆದರೆ ತಾಯಿ ಮರಿಗಳ ಕತ್ತು ಕಚ್ಚಿಕೊಂಡು ಜಾಗ ಬದಲಿಸುವುದು ನಿಜ. ಗೂಡು ಗಲೀಜಾದರೆ, ಗಂಡು ಬೆಕ್ಕೋ ನಾಯಿಯೋ ಸುಳಿದರೆ, ಮನುಷ್ಯರು ಪದೇಪದೇ ಇಣುಕಿದರೆ ಅದು ಹೊರಡುತ್ತದೆ. ಅದು ಆರಿಸಿಕೊಳ್ಳುವ ಜಾಗಗಳನ್ನು ಗಮನಿಸಿ: ಅಟ್ಟದ ಮೂಲೆ, ಸೌದೆ ರಾಶಿಯ ಸಂದು, ಬೀರುವಿನ ಕೆಳಖಾನೆ, ಪಾತ್ರೆ ಸಾಮಾನಿನ ಹಿಂದೆ. ಚಿಕ್ಕದು, ಕತ್ತಲೆ, ಒಂದೇ ಕಡೆ ಬಾಗಿಲು, ಬೆನ್ನಿಗೆ ಗೋಡೆ. ಮರಿಗೆ ಏನು ಬೇಕು ಅಂತ ತಾಯಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾವು ಕೊಡಬೇಕಾದ್ದೂ ಅದನ್ನೇ.

ಇದರಲ್ಲೇ ಇನ್ನೊಂದು ವಿಷಯ ಇದೆ. ಕಾಂಪೌಂಡಿನಲ್ಲಿ, ಶೆಡ್ಡಿನಲ್ಲಿ ಮರಿಗಳು ಮಾತ್ರ ಕಂಡರೆ "ಅನಾಥ ಮರಿ" ಅಂತ ಎತ್ತಿಕೊಂಡು ಬರಬೇಡಿ. ತಾಯಿ ಊಟಕ್ಕೆ ಹೋಗಿರಬಹುದು, ಅಥವಾ ಒಂದೊಂದೇ ಮರಿಯನ್ನು ಹೊಸ ಜಾಗಕ್ಕೆ ಸಾಗಿಸುತ್ತಿರಬಹುದು. ದೂರ ನಿಂತು ಕೆಲವು ಗಂಟೆ ಕಾಯಿರಿ. ಹೊಟ್ಟೆ ತುಂಬಿ ಒಂದರ ಮೇಲೊಂದು ಮಲಗಿರುವ ಮರಿಗಳಿಗೆ ತಾಯಿ ಇದ್ದಾಳೆ ಅಂತಲೇ ಅರ್ಥ. ತಣ್ಣಗಾಗಿ ಕಿರುಚುತ್ತಿದ್ದರೆ, ಮೈಮೇಲೆ ಇರುವೆ ಹತ್ತಿದ್ದರೆ ಮಾತ್ರ ತಡ ಮಾಡಬೇಡಿ.

ಎಷ್ಟು ವಾರದ ಮರಿ

ಕಣ್ಣು ಬಿಟ್ಟ ಕೂಡಲೇ ಮರಿ ತರುವ ಅಭ್ಯಾಸ ನಮ್ಮಲ್ಲಿದೆ. ಅದು ಮರಿಗೂ ಕಷ್ಟ, ನಮಗೂ ಕಷ್ಟ. ಕಡಿಮೆ ಅಂದರೂ 8 ವಾರ ತಾಯಿಯ ಹತ್ತಿರ ಇರಲಿ. 12 ವಾರವಾದರೆ ಇನ್ನೂ ಒಳ್ಳೆಯದು. ಹಾಲು ಬಿಡಿಸುವುದು 4ನೇ ವಾರಕ್ಕೆ ಶುರುವಾಗಿ 8ರ ಹೊತ್ತಿಗೆ ಮುಗಿಯುತ್ತದೆ. ಆಟದಲ್ಲಿ ಎಷ್ಟು ಜೋರಾಗಿ ಕಚ್ಚಬಹುದು ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವರ ಜೊತೆ ಉರುಳಾಡಿ. ಜೋರಾಗಿ ಕಚ್ಚಿದರೆ ಆಟ ನಿಲ್ಲುತ್ತದೆ, ತಾಯಿ ಒಂದು ಏಟು ಕೊಡುತ್ತಾಳೆ. ಬೇಗ ಬೇರೆ ಮಾಡಿದ ಮರಿಗೆ ಈ ಪಾಠ ತಪ್ಪಿಹೋಗಿ, ಮುಂದೆ ನಮ್ಮ ಕೈಯನ್ನು ಗಾಯ ಮಾಡುತ್ತದೆ.

ಹಾಗಂತ 8 ವಾರ ಮನುಷ್ಯರ ಸ್ಪರ್ಶವೇ ಇಲ್ಲದಿದ್ದರೂ ತೊಂದರೆ. 1980ರ ದಶಕದಲ್ಲಿ ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಶ್ ಮರಿಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಕೈಯಲ್ಲಿ ಆಡಿಸಿ ನೋಡಿದರು. 2ರಿಂದ 7 ವಾರದ ನಡುವೆ ಮನುಷ್ಯರ ಕೈ ಕಂಡ ಮರಿಗಳು ದೊಡ್ಡವಾದ ಮೇಲೆ ಜನರ ಹತ್ತಿರ ಸಲೀಸಾಗಿ ಬರುತ್ತಿದ್ದವು. ತಾಯಿಯ ಜೊತೆಗಿರುವಾಗಲೇ ಮನುಷ್ಯರ ಪರಿಚಯವೂ ಆಗುತ್ತಿದ್ದರೆ ಅದಕ್ಕಿಂತ ಒಳ್ಳೆಯ ಶುರು ಬೇರೆ ಇಲ್ಲ. ಬೀದಿಯಲ್ಲಿ ಬೆಳೆದ ಮೂರು ತಿಂಗಳ ಮರಿ ತಂದಿದ್ದರೆ ಅದು ಪಳಗಲ್ಲ ಅಂತೇನಿಲ್ಲ. ಅದಕ್ಕೆ ದಿನಗಳ ಬದಲು ವಾರಗಳು ಬೇಕು, ಅಷ್ಟು ಮನಸ್ಸಿನಲ್ಲಿಟ್ಟುಕೊಳ್ಳಿ.

4 ವಾರಕ್ಕಿಂತ ಚಿಕ್ಕ ಅನಾಥ ಮರಿ ಸಿಕ್ಕಿದರೆ ಅದು ಬೇರೆಯೇ ಕೆಲಸ. ಅದಕ್ಕೆ ಮೈ ಬಿಸಿ ಉಳಿಸಿಕೊಳ್ಳಲು ಬರುವುದಿಲ್ಲ. ಉಚ್ಚೆ, ಕಕ್ಕ ಮಾಡಿಸಲೂ ಬೆಚ್ಚಗಿನ ಒದ್ದೆ ಹತ್ತಿಯಿಂದ ಒರೆಸಬೇಕು. ಹಾಲು ಕೂಡ ಮರಿಗಳಿಗೆಂದೇ ಬರುವ ಪುಡಿಯದ್ದು, ಹೊಟ್ಟೆ ಕೆಳಗೆ ಮಾಡಿ ಮಲಗಿಸಿಯೇ ಕುಡಿಸಬೇಕು. ಅಂಗಾತ ಹಿಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಅಂಥ ಮರಿಯನ್ನು ಅದೇ ದಿನ ಪಶುವೈದ್ಯರಿಗೆ ತೋರಿಸಿ.

ಒಂದು ಕೋಣೆ, ಒಂದು ಡಬ್ಬ

ಮರಿ ಬರುವ ಮುಂಚೆಯೇ ಕೋಣೆ ತಯಾರಿರಲಿ. ಜನ ಕಡಿಮೆ ಓಡಾಡುವ ಒಂದು ಚಿಕ್ಕ ಬೆಡ್‌ರೂಮ್ ಸಾಕು. ಅಡುಗೆಮನೆ ಬೇಡ, ವಾಷಿಂಗ್ ಮೆಷಿನ್ ಇರುವ ಯುಟಿಲಿಟಿಯೂ ಬೇಡ. ಕೈ ಹೋಗದ ಸಂದುಗಳನ್ನು ಮೊದಲೇ ಮುಚ್ಚಿ: ಬೀರುವಿನ ಹಿಂದೆ, ದಿವಾನದ ಅಡಿ, ಮುರಿದ ಕಬೋರ್ಡಿನ ತೂತು. ಅಡಗಲು ಜಾಗ ಕೊಡಬಾರದು ಅಂತಲ್ಲ, ಒಳ್ಳೆಯ ಜಾಗವನ್ನು ನಾವೇ ಕೊಡಬೇಕು ಅಂತ. ಒಂದು ರಟ್ಟಿನ ಡಬ್ಬವನ್ನು ಮಗ್ಗುಲಿಗೆ ಮಲಗಿಸಿ, ಒಳಗೆ ಹಳೇ ಹತ್ತಿ ಸೀರೆ ಮಡಿಸಿ ಹಾಕಿ, ಗೋಡೆಗೆ ಒತ್ತಿ ಇಡಿ. 2014ರಲ್ಲಿ ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಬೆಕ್ಕುಗಳ ಆಶ್ರಯಧಾಮದಲ್ಲಿ ಇದನ್ನು ಪರೀಕ್ಷಿಸಿದರು. ಅಡಗಲು ಡಬ್ಬ ಸಿಕ್ಕಿದ ಹೊಸ ಬೆಕ್ಕುಗಳು ಸಿಗದವಕ್ಕಿಂತ ಬೇಗ ಸುಧಾರಿಸಿಕೊಂಡವು. ಪೆಟ್ ಶಾಪಿನ ದುಬಾರಿ ಹಾಸಿಗೆಗಿಂತ ಈ ಡಬ್ಬವೇ ಮೇಲು ಅಂತ ನನ್ನ ಖಚಿತ ಅಭಿಪ್ರಾಯ.

ಮರಿ ತರಲು ಹೋಗುವಾಗ ಒಂದು ಟವೆಲ್ ತೆಗೆದುಕೊಂಡು ಹೋಗಿ. ತಾಯಿ, ಮರಿಗಳು ಮಲಗುವ ಜಾಗದಲ್ಲಿ ಅದನ್ನು ಚೆನ್ನಾಗಿ ಉಜ್ಜಿ. ಮೊದಲೇ ಒಂದೆರಡು ದಿನ ಅಲ್ಲೇ ಹಾಸಿಟ್ಟಿದ್ದರೆ ಇನ್ನೂ ಒಳ್ಳೆಯದು. ಆ ಟವೆಲ್ ಡಬ್ಬದ ಒಳಗೆ ಹೋಗಬೇಕು, ಒಗೆಯಬಾರದು. ಹೊಸ ಊರಿನಲ್ಲಿ ಆ ಮರಿಗೆ ಗೊತ್ತಿರುವ ಒಂದೇ ವಾಸನೆ ಅದು. ಪ್ರಯಾಣ ಗಟ್ಟಿ ಕ್ಯಾರಿಯರ್‌ನಲ್ಲಿ ಆಗಲಿ, ಮೇಲೆ ತೆಳು ಬಟ್ಟೆ ಹೊದಿಸಿ. ತೊಡೆಮೇಲೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಬರಬೇಡಿ. ಒಂದು ಲಾರಿ ಹಾರ್ನ್‌ಗೆ ಮರಿ ಕೈಬಿಟ್ಟು ಹಾರಿದರೆ ಮುಗಿಯಿತು. ಕ್ಯಾರಿಯರನ್ನು ಆಮೇಲೆ ಅಟ್ಟಕ್ಕೆ ಎಸೆಯದೆ, ಬಾಗಿಲು ತೆಗೆದು ಕೋಣೆಯಲ್ಲೇ ಬಿಡಿ. ಆಸ್ಪತ್ರೆಗೆ ಹೋಗುವ ದಿನ ಮಾತ್ರ ಕಾಣಿಸಿಕೊಳ್ಳುವ ಕ್ಯಾರಿಯರ್‌ಗೆ ಯಾವ ಬೆಕ್ಕೂ ಹತ್ತುವುದಿಲ್ಲ.

ಕೋಣೆಯ ಒಂದು ಮೂಲೆಗೆ ಊಟ, ಸ್ವಲ್ಪ ದೂರದಲ್ಲಿ ನೀರು, ಎದುರು ಮೂಲೆಗೆ ಲಿಟರ್ ಟ್ರೇ, ಅಂದರೆ ಮರಿ ಉಚ್ಚೆ, ಕಕ್ಕ ಮಾಡಲು ಮರಳೋ ಲಿಟರ್ ಎಂಬ ಪುಡಿಯೋ ತುಂಬಿಟ್ಟ ತಟ್ಟೆ. ಉಣ್ಣುವ ಜಾಗದ ಪಕ್ಕ ಗಲೀಜು ಮಾಡಲು ಬೆಕ್ಕಿಗೆ ಇಷ್ಟವಿಲ್ಲ. ನೀರಿಡಲು, ಮೀಸೆ ಅಂಚಿಗೆ ತಾಗದಷ್ಟು ಅಗಲದ ಬಟ್ಟಲು.

ಮರಿ ಬಂದ ಮೇಲೆ ಕ್ಯಾರಿಯರ್ ಬಾಗಿಲು ತೆಗೆದು, ಕೋಣೆ ಬಾಗಿಲು ಮುಚ್ಚಿ, ನೀವು ಹೊರಗೆ ಬನ್ನಿ. ಒಂದೆರಡು ಗಂಟೆ ಬಿಡಿ. ಇದು ಮಕ್ಕಳಿಗೆ ತುಂಬ ಕಷ್ಟ ಅಂತ ಗೊತ್ತು. ಆದರೂ ಬಿಡಿ.

ಆಮೇಲೆ ಒಬ್ಬರು ಮಾತ್ರ ಒಳಗೆ ಹೋಗಿ ನೆಲದ ಮೇಲೆ ಕೂರಿ. ನಿಂತ ಮನುಷ್ಯ ಅದಕ್ಕೆ ಮರದಷ್ಟು ಎತ್ತರ. ಪುಸ್ತಕ ಓದಿ, ಬಟಾಣಿ ಸುಲಿಯಿರಿ, ಮೆಲ್ಲಗೆ ಫೋನಿನಲ್ಲಿ ಮಾತಾಡಿ. ಅದನ್ನೇ ದಿಟ್ಟಿಸಿ ನೋಡಬೇಡಿ, ಬೆಕ್ಕುಗಳ ಲೋಕದಲ್ಲಿ ದಿಟ್ಟಿಸುವುದು ಜಗಳಕ್ಕೆ ಕರೆದಂತೆ. ಕಣ್ಣಿಗೆ ಕಣ್ಣು ಸಿಕ್ಕಿದರೆ ನಿಧಾನವಾಗಿ ರೆಪ್ಪೆ ಅರ್ಧ ಮುಚ್ಚಿ ತೆರೆಯಿರಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಕಣ್ಣು ಮಿಟುಕಿಸಿದವರಿಗೆ ಬೆಕ್ಕುಗಳು ತಾವೂ ಹಾಗೇ ಮಿಟುಕಿಸಿದವು, ಅಪರಿಚಿತರಾಗಿದ್ದರೂ ಅವರ ಚಾಚಿದ ಕೈಯ ಹತ್ತಿರ ಬಂದವು.

ಮೊದಲ ಸಲ ಮರಿ ಹೊರಗೆ ಬರುವುದನ್ನು ನೋಡುವುದೇ ಒಂದು ಪಾಠ. ಮೊದಲು ಡಬ್ಬದ ಅಂಚಿಗೆ ಮೂಗು ಬರುತ್ತದೆ, ಮೀಸೆ ಮುಂದಕ್ಕೆ ಚಾಚಿರುತ್ತದೆ. ಮುಂಗಾಲು ಎರಡು ಹೊರಗೆ, ಹಿಂಗಾಲು ಎರಡು ಒಳಗೆ, ಮೈ ಉದ್ದಕ್ಕೆ ಎಳೆದಂತೆ ನಿಲ್ಲುತ್ತದೆ. ಎಲ್ಲಿ ಸದ್ದಾದರೂ ತಟ್ಟನೆ ವಾಪಸ್ ಹೋಗಲು ಹಿಂಗಾಲು ಕಾದಿರುತ್ತವೆ. ಆಮೇಲೆ ಗೋಡೆಯಂಚಿನಲ್ಲಿ ನಾಲ್ಕು ಹೆಜ್ಜೆ, ಮತ್ತೆ ಡಬ್ಬಕ್ಕೆ. ಮುಂದಿನ ಸಲ ಎಂಟು ಹೆಜ್ಜೆ. ಪ್ರತಿ ಸಲ ಹೋದ ದಾರಿಯನ್ನೇ ಮತ್ತೆ ಮೂಸುತ್ತದೆ. ಈ ಹೋಗಿ ಬರುವುದನ್ನು ತಡೆಯಬೇಡಿ. ಹತ್ತಿರ ಬಂತು ಅಂತ ಗಪ್ಪನೆ ಎತ್ತಿಕೊಂಡರೆ ಎಲ್ಲ ಮೊದಲಿನಿಂದ ಶುರು. ಬೆರಳು ಚಾಚಿ ಮೂಗಿಗೆ ಮೂಸಲು ಕೊಡಿ. ಅದು ಕೆನ್ನೆ ಉಜ್ಜಿದರೆ ಕೆನ್ನೆ, ಗಲ್ಲದ ಹತ್ತಿರ ಸವರಿ. ತಲೆ ಮೇಲಿಂದ ಕೈ ತರಬೇಡಿ, ಹೊಟ್ಟೆ ಮುಟ್ಟಬೇಡಿ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಎಲ್ಲರಿಗೂ ಗೊತ್ತು. ಒಮ್ಮೆ ಕುದಿಯುವ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡುತ್ತಿತ್ತು. ಕಥೆಯಾದರೂ ಬೆಕ್ಕಿನ ಸ್ವಭಾವವನ್ನು ಸರಿಯಾಗಿ ಹಿಡಿದಿದೆ. ಟ್ರೇಯಲ್ಲಿ ಕೂತಾಗ ಪಕ್ಕದ ವಾಷಿಂಗ್ ಮೆಷಿನ್ ಗಡಗಡ ಅಂದರೆ, ಮರಿ ಮೆಷಿನ್ನಿಗಲ್ಲ, ಟ್ರೇಗೆ ಹೆದರುತ್ತದೆ. ಬಲವಂತವಾಗಿ ಎಳೆದ ಕೈಯನ್ನೂ ಮರೆಯುವುದಿಲ್ಲ. ಮೊದಲ ವಾರದಲ್ಲಿ ಗಡಿಬಿಡಿ ಬೇಡ ಅನ್ನುವುದು ಇದಕ್ಕೇ. ದೀಪಾವಳಿ ಹತ್ತಿರವಿದ್ದರೆ, ಮನೆಯಲ್ಲಿ ಮದುವೆ ಮುಂಜಿ ಇದ್ದರೆ ಮರಿ ತರುವುದನ್ನು ಹದಿನೈದು ದಿನ ಮುಂದಕ್ಕೆ ಹಾಕಿ.

ಕೋಣೆ ಬಾಗಿಲು ಯಾವಾಗ ತೆಗೆಯಬೇಕು? ದಿನ ಎಣಿಸಬೇಡಿ, ಮರಿಯನ್ನು ನೋಡಿ. ಬಾಲ ನೆಟ್ಟಗೆ ಮೇಲಕ್ಕೆತ್ತಿ ನಿಮ್ಮ ಕಡೆ ಬರುತ್ತಿದೆಯಾ? ನೀವಿರುವಾಗಲೇ ಉಣ್ಣುತ್ತಿದೆಯಾ? ನೆಲದ ಮಧ್ಯೆ ಕೂತು ಮೈ ನೆಕ್ಕಿಕೊಳ್ಳುತ್ತಿದೆಯಾ? ಹೆದರಿದ ಬೆಕ್ಕು ಬಯಲಲ್ಲಿ ಕೂತು ಹಿಂಗಾಲು ಎತ್ತಿ ನೆಕ್ಕಿಕೊಳ್ಳುವುದಿಲ್ಲ. ಇಷ್ಟು ಕಂಡರೆ ಬಾಗಿಲು ಓರೆ ಮಾಡಿ. ಕೆಲವು ಮರಿಗೆ ಎರಡು ದಿನ ಸಾಕು, ಕೆಲವಕ್ಕೆ ಎರಡು ವಾರ. ಹೊರಗೆ ಬಂದ ಮೇಲೂ ಆ ಕೋಣೆ, ಆ ಡಬ್ಬ ಹಾಗೇ ಇರಲಿ. ಹೆದರಿದಾಗ ಓಡಿಹೋಗಲು ಅದಕ್ಕೊಂದು ತವರು ಬೇಕು.

ಹಾಲು-ಅನ್ನ ಸಾಕಾ?

ಸಾಲದು. ಹಾಲು ಬಿಟ್ಟ ಮೇಲೆ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕಡಿಮೆಯಾಗುತ್ತದೆ. ಹಸುವಿನ ಹಾಲು ಕುಡಿದ ಎಷ್ಟೋ ಮರಿಗಳಿಗೆ ಭೇದಿ ಶುರುವಾಗುತ್ತದೆ. ಅರ್ಧ ಕೇಜಿ ತೂಗುವ ಮರಿಗೆ ಒಂದು ದಿನದ ಭೇದಿಯೂ ಅಪಾಯವೇ.

ಇನ್ನೊಂದು ಮುಖ್ಯ ಕಾರಣ ಟಾರಿನ್. ಇದು ಮಾಂಸ, ಮೀನಿನಲ್ಲಿರುವ ಪೋಷಕಾಂಶ. ಬೆಕ್ಕಿನ ಮೈ ಇದನ್ನು ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಊಟದಿಂದಲೇ ಸಿಗಬೇಕು. ಸಿಗದಿದ್ದರೆ ಕಣ್ಣಿನ ಪರದೆ ಹಾಳಾಗುತ್ತದೆ, ಹೃದಯದ ಸ್ನಾಯು ಸಡಿಲವಾಗುತ್ತದೆ. 1987ರಲ್ಲಿ ಕ್ಯಾಲಿಫೋರ್ನಿಯಾದ ಪಶುವೈದ್ಯ ಪಾಲ್ ಪಯನ್ ಮತ್ತು ಸಂಗಡಿಗರು ಈ ಹೃದಯದ ಕಾಯಿಲೆಗೂ ಟಾರಿನ್ ಕೊರತೆಗೂ ಇರುವ ನಂಟನ್ನು ತೋರಿಸಿದರು. ಅಲ್ಲಿಂದ ಬೆಕ್ಕಿನ ಆಹಾರ ಮಾಡುವ ಕಂಪನಿಗಳು ಟಾರಿನ್ ಹೆಚ್ಚಿಸಿದವು, ಕಾಯಿಲೆಯೂ ಇಳಿಯಿತು. ನಾಯಿಯ ಆಹಾರವನ್ನು ಬೆಕ್ಕಿಗೆ ಹಾಕಬಾರದು ಅನ್ನುವುದೂ ಇದಕ್ಕೇ.

"ನಮ್ಮಜ್ಜಿ ಮನೆಯಲ್ಲಿ ಮೊಸರನ್ನ ತಿಂದೇ ಬೆಕ್ಕುಗಳು ಹತ್ತು ವರ್ಷ ಬದುಕಿದವು" ಅಂತ ಹೇಳುವವರಿದ್ದಾರೆ. ನಿಜ ಇರಬಹುದು. ಆ ಬೆಕ್ಕುಗಳು ಅಟ್ಟದ ಇಲಿ, ಹಿತ್ತಲಿನ ಹಲ್ಲಿ, ಮಿಡತೆ ಹಿಡಿದು ತಮಗೆ ಬೇಕಾದ್ದನ್ನು ಪೂರೈಸಿಕೊಳ್ಳುತ್ತಿದ್ದವು. ಐದನೇ ಮಹಡಿಯ ಫ್ಲಾಟಿನ ಮರಿಗೆ ಆ ದಾರಿ ಇಲ್ಲ. ಸಸ್ಯಾಹಾರಿ ಮನೆಯವರು ಮರಿಗಳಿಗೆಂದೇ ಸಿಗುವ ಒಣ ಅಥವಾ ಒದ್ದೆ ಆಹಾರ ಕೊಡಬಹುದು, ಮನೆಯಲ್ಲಿ ಮಾಂಸ ಬೇಯಿಸಬೇಕಾಗಿಲ್ಲ. ಬೇಯಿಸುವವರು ಮೂಳೆ ತೆಗೆದ ಕೋಳಿ, ಮುಳ್ಳು ತೆಗೆದ ಮೀನನ್ನು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬರೀ ಕೋಳಿಯಲ್ಲಿ ಬೆಳೆಯುವ ಮೂಳೆಗೆ ಬೇಕಾದ ಸುಣ್ಣದ ಅಂಶ ಸಾಲದು, ಹಾಗಾಗಿ ಮರಿಯ ಆಹಾರವೂ ಜೊತೆಗಿರಲಿ.

ಮರಿಯ ಹೊಟ್ಟೆ ಚಿಕ್ಕದು, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡಿ. ಮೊದಲ ವಾರ ಅದು ಹಿಂದಿನ ಮನೆಯಲ್ಲಿ ತಿನ್ನುತ್ತಿದ್ದದ್ದನ್ನೇ ಹಾಕಿ, ಆಮೇಲೆ ನಿಧಾನಕ್ಕೆ ಬದಲಿಸಿ. ಮೊದಲ ರಾತ್ರಿ ಉಣ್ಣದಿದ್ದರೆ ಗಾಬರಿ ಬೇಡ, ಎಲ್ಲರೂ ಮಲಗಿದ ಮೇಲೆ ಬಂದು ತಿನ್ನುತ್ತದೆ. ಒಂದು ಇಡೀ ದಿನ ಏನೂ ಮುಟ್ಟದಿದ್ದರೆ ವೈದ್ಯರ ಹತ್ತಿರ ಹೋಗಿ. ಎರಡು ತಿಂಗಳಿಗಿಂತ ಚಿಕ್ಕದಾದರೆ ಅಷ್ಟೂ ಕಾಯಬೇಡಿ.

ಟ್ರೇ ಮತ್ತು ಫಿನೈಲ್

ಕಕ್ಕಸಿನ ವಿಷಯದಲ್ಲಿ ಬೆಕ್ಕಿನ ಮರಿಗೆ ಹೆಚ್ಚು ಕಲಿಸಬೇಕಾಗಿಲ್ಲ. ಮಣ್ಣು ಕೆದಕಿ, ಕೂತು, ಮುಚ್ಚುವ ಬುದ್ಧಿ ಮೂರು-ನಾಲ್ಕು ವಾರಕ್ಕೇ ಬಂದಿರುತ್ತದೆ. ಅಂಚು ತಗ್ಗಾದ ಒಂದು ಪ್ಲಾಸ್ಟಿಕ್ ಟ್ರೇ, ಅದರಲ್ಲಿ ಎರಡು ಇಂಚು ಮರಳು ಸಾಕು. ಉಚ್ಚೆ ತಾಗಿದರೆ ಗಟ್ಟಿಯಾಗುವ ಲಿಟರ್ ಪುಟ್ಟ ಮರಿಗೆ ಬೇಡ. ಅವು ಎಲ್ಲವನ್ನೂ ಬಾಯಿಗೆ ಹಾಕಿಕೊಳ್ಳುತ್ತವೆ, ಅದು ಹೊಟ್ಟೆಯಲ್ಲೂ ಗಟ್ಟಿಯಾಗಬಹುದು. ನಾಲ್ಕು ತಿಂಗಳು ಕಳೆಯುವವರೆಗೆ ತೊಳೆದ ಮರಳು ಅಥವಾ ಮರದ ಗುಳಿಗೆಯ ಲಿಟರ್ ಬಳಸಿ. ಸೆಂಟಿನ ಲಿಟರ್ ನಮ್ಮ ಮೂಗಿಗೆ ಹಿತ, ಅದರ ಮೂಗಿಗೆ ಹಿಂಸೆ. ಊಟವಾದ ಮೇಲೆ, ನಿದ್ದೆಯಿಂದ ಎದ್ದ ಮೇಲೆ ಮರಿಯನ್ನು ಮೆಲ್ಲಗೆ ಟ್ರೇಯಲ್ಲಿ ಬಿಡಿ, ಅಷ್ಟೇ. ದಿನಕ್ಕೆ ಎರಡು ಸಲ ಚೊಕ್ಕ ಮಾಡಿ.

ಹೊರಗೆ ಮಾಡಿಬಿಟ್ಟರೆ ಮೂಗನ್ನು ಅದಕ್ಕೆ ತಿಕ್ಕುವುದು, ಹೊಡೆಯುವುದು ಬೇಡವೇ ಬೇಡ. ಅದಕ್ಕೆ ಅರ್ಥವಾಗುವುದು ನಿಮ್ಮ ಸಿಟ್ಟು ಮಾತ್ರ. ಒರೆಸುವಾಗಲೂ ಫಿನೈಲ್ ಕೈಗೆತ್ತಿಕೊಳ್ಳಬೇಡಿ. ಈ ಮಾತನ್ನು ಸ್ವಲ್ಪ ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಗಳಲ್ಲಿ ಫಿನೈಲ್ ಇಲ್ಲದೆ ನೆಲ ಒರೆಸುವುದೇ ಇಲ್ಲ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ. ಒರೆಸಿದ ನೆಲದ ಮೇಲೆ ಮರಿ ನಡೆಯುತ್ತದೆ, ಆಮೇಲೆ ಕೂತು ಅಂಗಾಲು ನೆಕ್ಕುತ್ತದೆ, ವಿಷ ಒಳಗೆ ಹೋಗುತ್ತದೆ. ಡೆಟಾಲ್ ತರಹದ ದ್ರಾವಣಗಳೂ ಇದೇ ಗುಂಪಿನವು, ಮರಿಯ ಗಾಯಕ್ಕೂ ಹಚ್ಚಬಾರದು. ಸೋಪಿನ ನೀರಲ್ಲಿ ಒರೆಸಿ, ಬರೀ ನೀರಲ್ಲಿ ಮತ್ತೊಮ್ಮೆ ಒರೆಸಿ. ಉಚ್ಚೆ ವಾಸನೆ ಹೋಗದಿದ್ದರೆ ಪೆಟ್ ಶಾಪಿನಲ್ಲಿ ಎನ್‌ಜೈಮ್ ಕ್ಲೀನರ್ ಸಿಗುತ್ತದೆ.

ಪಿತ್ತಜನಕಾಂಗದ ಇದೇ ಕೊರತೆಯಿಂದ ಪ್ಯಾರಾಸಿಟಮಾಲ್ ಕೂಡ ಬೆಕ್ಕಿಗೆ ವಿಷ. ಜ್ವರ ಬಂದಂತಿದೆ ಅಂತ ಮಕ್ಕಳ ಸಿರಪ್ ಒಂದು ಹನಿಯೂ ಹಾಕಬೇಡಿ.

ಹೂದಾರ, ಬಾಲ್ಕನಿ, ಬೈಕು

ಅಪಾಯಗಳ ಉದ್ದ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ನಮ್ಮ ಮನೆಗಳಲ್ಲಿ ಹೆಚ್ಚು ಕಾಣುವ, ಆದರೆ ಯಾರೂ ಎಚ್ಚರಿಸದ ಒಂದು ವಸ್ತು ಹೂ ಕಟ್ಟುವ ದಾರ. ಬಾಡಿದ ಮಲ್ಲಿಗೆ ದಂಡೆ ಕಿಟಕಿಯಲ್ಲೋ ದೇವರ ಮನೆಯಲ್ಲೋ ಬಿದ್ದಿರುತ್ತದೆ. ಮರಿ ಅದನ್ನು ಆಡುತ್ತಾ ಬಾಯಿಗೆ ಎಳೆದುಕೊಳ್ಳುತ್ತದೆ. ಬೆಕ್ಕಿನ ನಾಲಿಗೆಯ ಮುಳ್ಳುಗಳೆಲ್ಲ ಗಂಟಲಿನ ಕಡೆ ಬಾಗಿರುವುದರಿಂದ ಬಾಯಿಗೆ ಬಂದ ದಾರವನ್ನು ಉಗಿಯುವುದು ಕಷ್ಟ, ಒಳಗೇ ಹೋಗುತ್ತದೆ. ಒಂದು ತುದಿ ನಾಲಿಗೆ ಬುಡಕ್ಕೆ ಸಿಕ್ಕಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದರೆ ಕರುಳು ನೆರಿಗೆ ಬಿದ್ದು ಕೊಯ್ದುಕೊಳ್ಳುತ್ತದೆ. ಹೊಲಿಗೆ ದಾರ, ಗಾಳಿಪಟದ ದಾರ, ಗೌರಿ-ಗಣೇಶ ಹಬ್ಬದ ಮಿಣಮಿಣ ಜರಿ ಹಾರ, ಕೂದಲಿನ ರಬ್ಬರ್ ಬ್ಯಾಂಡ್, ಎಲ್ಲಕ್ಕೂ ಇದೇ ಮಾತು. ಬಾಯಿಂದಲೋ ಹಿಂದಿನಿಂದಲೋ ದಾರ ಜೋತಾಡುತ್ತಿದ್ದರೆ ಎಳೆಯಬೇಡಿ. ಹಾಗೇ ವೈದ್ಯರ ಹತ್ತಿರ ಹೋಗಿ.

ಬಾಲ್ಕನಿಗೆ ನೆಟ್ ಹಾಕಿಸದೆ ಮರಿಯನ್ನು ಬಿಡಬೇಡಿ. ಬೆಕ್ಕು ಬೀಳಲ್ಲ ಅಂತ ನಂಬಿದ್ದೇವೆ, ಆದರೆ ಪಾರಿವಾಳ ಕಂಡಾಗ ಮರಿಗೆ ಮಹಡಿ ನೆನಪಿರುವುದಿಲ್ಲ. ಗ್ರಿಲ್ಲಿನ ಸರಳುಗಳ ಸಂದಿನಲ್ಲಿ ಎರಡು ತಿಂಗಳ ಮರಿ ಸಲೀಸಾಗಿ ನುಗ್ಗುತ್ತದೆ. ಪಾರಿವಾಳಕ್ಕೆಂದು ಹಾಕಿಸಿದ ತೆಳು ನೈಲಾನ್ ಬಲೆಯನ್ನು ಹಲ್ಲಿನಿಂದ ಕಡಿದುಬಿಡುತ್ತದೆ, ಗಟ್ಟಿ ಬಲೆ ಕೇಳಿ ಹಾಕಿಸಿ. ಬಟ್ಟೆ ಬೀರುವಿನ ನ್ಯಾಫ್ತಲೀನ್ ಗುಳಿಗೆ, ನೀಲಗಿರಿ ಎಣ್ಣೆ, ಹೂದಾನಿಯ ಲಿಲ್ಲಿ ಮೂರೂ ವಿಷ. ನಾಯಿಯ ಮೈಗೆ ಹತ್ತುವ ಉಣ್ಣಿ ಹುಳಕ್ಕೆ ಹಾಕುವ ಪರ್ಮೆಥ್ರಿನ್ ಔಷಧಿಯನ್ನು ಬೆಕ್ಕಿಗೆ ಹಾಕಿದರೆ ಸೆಳೆತ ಬಂದು ಸಾಯಬಹುದು. ವಾಷಿಂಗ್ ಮೆಷಿನ್ ಹಾಕುವ ಮುಂಚೆ ಒಳಗೆ ಕೈಯಾಡಿಸಿ ನೋಡಿ. ಮಳೆಗಾಲದಲ್ಲಿ ಕಾರು, ಬೈಕು ಸ್ಟಾರ್ಟ್ ಮಾಡುವ ಮುಂಚೆ ಕಾರಿನ ಬಾನೆಟ್ ತಟ್ಟಿ, ಬೈಕಿನ ಸಂದುಗಳನ್ನು ನೋಡಿ, ಮರಿ ಒಳಗೆ ಅಡಗಿರಬಹುದು.

ರಾತ್ರಿಯ ಅಳು, ಮನೆಯ ಬೇರೆ ಪ್ರಾಣಿಗಳು

ರಾತ್ರಿ ಅಳುವುದು ಒಂಟಿತನದಿಂದ, ಚಳಿಯಿಂದ. ಒಡಹುಟ್ಟಿದವರ ಮೈ ಬಿಸಿಯಲ್ಲಿ ಮಲಗಿ ಅಭ್ಯಾಸವಾದ ಜೀವ ಅದು. ಬಿಸಿನೀರಿನ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಡಬ್ಬದ ಒಂದು ಬದಿಗೆ ಇಡಿ, ಸೆಕೆಯಾದರೆ ಸರಿಯಲು ಇನ್ನೊಂದು ಬದಿ ಖಾಲಿ ಇರಲಿ. ಮೊದಲ ಕೆಲವು ರಾತ್ರಿ ಮನೆಯವರೊಬ್ಬರು ಅದೇ ಕೋಣೆಯಲ್ಲಿ ಚಾಪೆ ಹಾಕಿ ಮಲಗಿದರೆ ಅದು ತುಂಬ ಬೇಗ ಸಮಾಧಾನವಾಗುತ್ತದೆ. ಬೆಕ್ಕು ಚುರುಕಾಗುವುದು ಮುಸ್ಸಂಜೆ ಮತ್ತು ಬೆಳಗಿನ ಜಾವ. ಮಲಗುವ ಮುಂಚೆ ಕೋಲಿನ ತುದಿಗೆ ಗರಿ ಕಟ್ಟಿದ ಆಟಿಕೆಯಿಂದ ಹತ್ತು-ಹದಿನೈದು ನಿಮಿಷ ಓಡಾಡಿಸಿ, ಕೊನೆಗೆ ಹಿಡಿಯಲು ಬಿಟ್ಟು, ಊಟ ಹಾಕಿ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ: ಈ ಕ್ರಮ ಅದರ ರಕ್ತದಲ್ಲೇ ಇದೆ. ಕೈಬೆರಳು ಆಡಿಸಿ ಆಟ ಕಲಿಸಬೇಡಿ. ಈಗ ಕಚಗುಳಿ ಅನಿಸುವ ಹಲ್ಲು ಆರು ತಿಂಗಳಿಗೆ ಗಾಯ ಮಾಡುತ್ತದೆ. ಸಾಧ್ಯವಿದ್ದರೆ ಒಂದೇ ಸೂಲಿನ ಎರಡು ಮರಿ ತನ್ನಿ. ಈ ಎಷ್ಟೋ ತಾಪತ್ರಯಗಳನ್ನು ಅವು ತಮ್ಮತಮ್ಮಲ್ಲೇ ಬಗೆಹರಿಸಿಕೊಳ್ಳುತ್ತವೆ.

ಮನೆಯಲ್ಲಿ ಮೊದಲೇ ಬೆಕ್ಕಿದ್ದರೆ ಕಣ್ಣಿಗಿಂತ ಮೂಗಿನ ಪರಿಚಯ ಮುಂಚೆ ಆಗಬೇಕು. ಮರಿಯ ಕೆನ್ನೆಗೆ ಉಜ್ಜಿದ ಬಟ್ಟೆ ದೊಡ್ಡ ಬೆಕ್ಕಿನ ಹಾಸಿಗೆಗೆ, ಅದರದು ಮರಿಯ ಡಬ್ಬಕ್ಕೆ. ಮುಚ್ಚಿದ ಬಾಗಿಲಿನ ಆಚೆ ಈಚೆ ಇಬ್ಬರಿಗೂ ಊಟ ಇಡಿ, ತಟ್ಟೆಗಳನ್ನು ದಿನದಿನಕ್ಕೆ ಬಾಗಿಲ ಹತ್ತಿರ ಸರಿಸಿ. ಬುಸ್ ಅನ್ನುವುದು ನಿಂತ ಮೇಲೆ ಬಾಗಿಲ ಸಂದಿನಲ್ಲಿ ಮುಖ ತೋರಿಸಿ. ಇದಕ್ಕೆ ಒಂದು ವಾರದಿಂದ ಒಂದು ತಿಂಗಳು ಹಿಡಿಯಬಹುದು. "ಕಚ್ಚಾಡಿ ಸರಿ ಹೋಗ್ತವೆ ಬಿಡಿ" ಎಂಬ ಮಾತು ಕೇಳಬೇಡಿ. ಮೊದಲ ಜಗಳದ ಸೇಡು ವರ್ಷಗಟ್ಟಲೆ ಉಳಿಯುತ್ತದೆ. ನಾಯಿ ಇದ್ದರೆ ಬೆಲ್ಟ್ ಹಾಕಿ ಹಿಡಿದೇ ಪರಿಚಯ ಮಾಡಿಸಿ, ಮರಿಗೆ ಹತ್ತಿ ಕೂರಲು ಎತ್ತರದ ಜಾಗವಿರಲಿ. ಯಾರೂ ಇಲ್ಲದಾಗ ಎರಡನ್ನೂ ಒಟ್ಟಿಗೆ ಬಿಡಬೇಡಿ.

ಪಶುವೈದ್ಯರ ಹತ್ತಿರ

ಬಂದ ಎರಡು-ಮೂರು ದಿನದೊಳಗೆ ಒಮ್ಮೆ ತೋರಿಸಿ. ಬೀದಿ ಮರಿಯಾದರೆ ಜಂತುಹುಳು ಇದ್ದೇ ಇರುತ್ತದೆ ಅಂದುಕೊಳ್ಳಿ, ತಾಯಿಯ ಹಾಲಿನಿಂದಲೇ ಬರುತ್ತದೆ. ಚಿಗಟ ಜಾಸ್ತಿಯಾದರೆ ಪುಟ್ಟ ಮರಿಗೆ ರಕ್ತಹೀನತೆ ಆಗಿ ಒಸಡು ಬಿಳಿಚಿಕೊಳ್ಳುತ್ತದೆ. ಲಸಿಕೆ 6ರಿಂದ 8 ವಾರಕ್ಕೆ ಶುರು, ಮೂರು-ನಾಲ್ಕು ವಾರಕ್ಕೊಮ್ಮೆ 16 ವಾರ ತುಂಬುವವರೆಗೆ. ರೇಬಿಸ್ ಲಸಿಕೆ 12 ವಾರದ ಮೇಲೆ. ಮೊದಲ ಲಸಿಕೆ ತಡೆಯುವ ಕಾಯಿಲೆಗಳಲ್ಲಿ ಪ್ಯಾನ್‌ಲ್ಯೂಕೋಪೀನಿಯಾ ಬಹಳ ಕ್ರೂರ. ವಾಂತಿ, ಭೇದಿ, ಸುಸ್ತು ಅಂತ ಶುರುವಾಗಿ ಒಂದೆರಡು ದಿನದಲ್ಲಿ ಮರಿ ಹೋಗಿಬಿಡಬಹುದು. ಇದರ ವೈರಸ್ ಮನೆಯೊಳಗೆ ಒಂದು ವರ್ಷದವರೆಗೂ ಉಳಿಯುತ್ತದೆ. ಹಿಂದಿನ ಮರಿ ಹೀಗೆ ತೀರಿಕೊಂಡಿದ್ದರೆ ಲಸಿಕೆ ಪೂರ್ತಿ ಆಗದ ಹೊಸ ಮರಿಯನ್ನು ಆ ಮನೆಗೆ ತರಬೇಡಿ. ಹಳೆಯ ಟ್ರೇ, ಹಾಸಿಗೆ ಎಸೆದು, ನೆಲವನ್ನು ಬ್ಲೀಚ್ ನೀರಿನಿಂದ ತೊಳೆಯಿರಿ.

ಲಸಿಕೆಯಾಗದ ಬೀದಿ ಮರಿ ಕಚ್ಚಿದರೆ, ರಕ್ತ ಬರುವ ಹಾಗೆ ಪರಚಿದರೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಪುಟ್ಟ ಮರಿ ತಾನೆ, ಏನಾಗುತ್ತೆ ಅಂತ ಬಿಡಬೇಡಿ. ಅರಿಶಿನ, ಸುಣ್ಣ ಹಚ್ಚಬೇಡಿ.

ವೈದ್ಯರನ್ನು ಮೊದಲ ದಿನವೇ ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆಯೂ ಕೇಳಿಬಿಡಿ. ಹೆಣ್ಣು ಮರಿ ನಾಲ್ಕು ತಿಂಗಳಿಗೇ ಬೆದೆಗೆ ಬಂದು ಗಬ್ಬವಾಗಬಹುದು, ಎರಡು ತಿಂಗಳಲ್ಲಿ ಮರಿ ಹಾಕುತ್ತದೆ. ಗಂಡು ದೊಡ್ಡದಾದ ಮೇಲೆ ಸೋಫಾ, ಪರದೆಗೆ ಉಚ್ಚೆ ಸಿಂಪಡಿಸಿ, ಹೆಣ್ಣಿನ ವಾಸನೆ ಹಿಡಿದು ರಸ್ತೆ ದಾಟಿ ಹೋಗುತ್ತದೆ. ನಾಲ್ಕರಿಂದ ಆರು ತಿಂಗಳ ನಡುವೆ ಒಂದು ದಿನ ಗೊತ್ತುಮಾಡಿಕೊಂಡು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ. ಆ ದಿನದವರೆಗೆ ಮರಿ ಮನೆಯೊಳಗೇ ಇರಲಿ.